ಉಳಿದ ಮಾತು ಎಲ್ಲಿ?
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನುಡಿಯ ಹಬ್ಬದ ಈ ವೇದಿಕೆಯಲ್ಲಿ ಕಾಯಿಲೆಯ ಮಾತನ್ನೆತ್ತುವುದು ಉಚಿತವೇ ಎಂದು ನಾನು ಬಹಳ ಯೋಚಿಸಿದೆನು. ಆದರೆ ಈ ಎರಡಕ್ಕೂ ನನ್ನ ಮನೆಯಲ್ಲಿ ನಂಟು ಬಿದ್ದುದರಿಂದ ಧೈರ್ಯಮಾಡಿ ನಿಂತಿದ್ದೇನೆ. ಗಂಡನಿಗಾಗಲಿ ಹೆಂಡತಿಗಾಗಲಿ ಅರ್ಬುದ ರೋಗ, ಎಂದರೆ ಕ್ಯಾನ್ಸರು, ಬಂದಾಗ ಜತೆಗಿರುವವರ ಕರ್ತವ್ಯವೇನು ಎಂಬುದೇ ನನ್ನ ವಿಷಯ. ನಾನು ವೈದ್ಯನಲ್ಲ, ಹಳ್ಳಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನು. ಕಂಡುಂಡುದನ್ನಷ್ಟೇ ಅರಿಕೆ ಮಾಡುವೆನು.

ನನ್ನ ಪತ್ನಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆಯಿಂದ ಅದು ಕ್ಯಾನ್ಸರೆಂದು ತಿಳಿಯಿತು. ಕಾಸರಗೋಡಿನಲ್ಲಿ ರೈಲು ಹತ್ತಿ ದೂರದ ಆಸ್ಪತ್ರೆಗೆ ಹೋದೆವು. ಅವಳಿಗೆ ಸಂತೆಯ ಮಲೆಯಾಳ ಬರುತ್ತದೆ. ಆಸ್ಪತ್ರೆಯ ಮಲೆಯಾಳ ಬಾರದು. ವೈದ್ಯರು ನನ್ನತ್ತ ತಿರುಗಿ ಕಾಲು ಗಂಟೆ ವಿವರಿಸಿದರು: ಮೊದಲು ಶಸ್ತ್ರಚಿಕಿತ್ಸೆ, ಅನಂತರ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧ ಹನಿಸುವ ಕೀಮೊಥೆರಪಿ, ಕೂದಲು ಉದುರುವುದು, ರೋಗ ಮರಳುವ ಸಂಭವ. ನಾನು ಕನ್ನಡಕ್ಕೆ ತಂದುದು ಇಷ್ಟೇ: "ಸಣ್ಣ ಆಪರೇಶನ್ನಂತೆ, ಹೆದರಬೇಡ." ಹೊರಗೆ ಬೆಂಚಿನ ಮೇಲೆ ಕುಳಿತಾಗ ಅವಳು ಕೇಳಿದಳು: "ಅವರು ಅಷ್ಟು ಹೊತ್ತು ಮಾತಾಡಿದರು. ನೀವು ಎರಡೇ ಮಾತಿನಲ್ಲಿ ಮುಗಿಸಿದಿರಿ. ಉಳಿದ ಮಾತು ಎಲ್ಲಿ?"

ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ಕರುಣೆಯೆಂದು ನಾನು ಭಾವಿಸಿದ್ದುದು ನಿಜವಾಗಿ ನನ್ನ ಅಂಜಿಕೆ. ಶರೀರ ಅವಳದು, ಸುದ್ದಿ ನನ್ನ ಬಳಿ. ಇದು ಯಾವ ನ್ಯಾಯ? ಅಂದು ಸಂಜೆ ಎಲ್ಲವನ್ನೂ ಹೇಳಿದೆನು. ಅವಳು ಅತ್ತಳು. ಆಮೇಲೆ ಕಣ್ಣೊರಸಿಕೊಂಡು, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ನನ್ನಿಂದ ಬರೆಯಿಸಿದಳು. ಅಂದಿನಿಂದ ನಾನು ಕೂಡಿಸದೆ ಕಳೆಯದೆ ಮಾತು ದಾಟಿಸುವ ದುಭಾಷಿಯಾದೆನು.

ಜತೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಕೀಮೊಥೆರಪಿಯ ಔಷಧಗಳು ಬೇಗ ಬೇಗ ವೃದ್ಧಿಹೊಂದುವ ಜೀವಕಣಗಳನ್ನು ಕೊಲ್ಲುತ್ತವೆ. ರೋಗದ ಕಣಗಳೊಡನೆ ಕೂದಲ ಬುಡದ, ಬಾಯೊಳಗಿನ, ರಕ್ತ ಹುಟ್ಟುವ ಮಜ್ಜೆಯ ಕಣಗಳಿಗೂ ಪೆಟ್ಟು ಬೀಳುತ್ತದೆ. ಉದುರಿದ ಕೂದಲು ಸಾಮಾನ್ಯವಾಗಿ ಮರಳಿ ಬರುತ್ತದೆ, ಅದಕ್ಕೆ ಕಾಯಬಹುದು. ಬಿಳಿ ರಕ್ತಕಣಗಳು ಕುಗ್ಗಿದಾಗ ಬರುವ ಜ್ವರಕ್ಕೆ ಕಾಯುವಂತಿಲ್ಲ. ಔಷಧ ಕೊಟ್ಟ ಮೊದಲ ಎರಡು ವಾರಗಳಲ್ಲಿ ಈ ಭಯ ಹೆಚ್ಚು. ಜ್ವರಮಾಪಕವು 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಗುಳಿಗೆ ನುಂಗಿಸಿ ಬೆಳಗಾಗಲೆಂದು ಕುಳಿತರೆ ಪ್ರಾಣಕ್ಕೇ ಅಪಾಯ. ನಾವು ಒಮ್ಮೆ ಎರಡು ಗಂಟೆ ರಾತ್ರಿಯಲ್ಲಿ, ಸುರಿವ ಮಳೆಯಲ್ಲಿ, ನೆರೆಮನೆಯವರ ಜೀಪಿನಲ್ಲಿ ಹಾಗೆ ಹೊರಟವರು.

ಒಗ್ಗರಣೆಯ ವಾಸನೆ ಬಂದರೆ ಅವಳಿಗೆ ವಾಕರಿಕೆ. ಅಡುಗೆಮನೆಗೆ ಅತಿಥಿಯಂತೆ ಹೋಗುತ್ತಿದ್ದ ನಾನು ಗಂಜಿ ಬೇಯಿಸಲು ಕಲಿತೆನು. "ಉಣ್ಣು, ಉಣ್ಣು" ಎಂದು ಪೀಡಿಸುವುದಕ್ಕಿಂತ, ಸ್ವಲ್ಪ ಸ್ವಲ್ಪವನ್ನು ಹಲವು ಬಾರಿ ಕೈಗೆಟಕುವಲ್ಲಿ ಇಟ್ಟು ಸುಮ್ಮನಿರುವುದು ಲೇಸೆಂದು ತಿಳಿಯಿತು. ನೋಡಿಕೊಳ್ಳುವವನೂ ಉಣ್ಣಬೇಕು, ನಿದ್ರಿಸಬೇಕು. "ಏನಾದರೂ ಬೇಕೇ?" ಎಂದು ಕೇಳಿದವರಿಗೆ ಸಂಕೋಚದಿಂದ "ಏನೂ ಬೇಡ" ಎನ್ನಬಾರದು, "ನಾಳೆ ಹಸುವಿಗೆ ಹುಲ್ಲು ಹಾಕಿ" ಎನ್ನಬೇಕು.

ನೋಡಲು ಬಂದ ಬಂಧುಗಳು ಎಲೆ ಬೇರುಗಳ ಕಷಾಯ ಸೂಚಿಸಿದರು. ಅವರ ಪ್ರೀತಿ ದೊಡ್ಡದು. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ 1958ರಲ್ಲಿ ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧವನ್ನು ಬೇರ್ಪಡಿಸಿದರು. ಆದರೆ ಆ ಗಿಡವನ್ನೇ ಅರೆದು ಕುಡಿದರೆ ಅದು ವಿಷ. ಅಳೆದು ಶುದ್ಧಿಮಾಡಿ ಕೊಟ್ಟುದು ಮಾತ್ರ ಮದ್ದು. ಈ ರೋಗವು ಅಂಟುವುದಿಲ್ಲವೆಂಬುದನ್ನೂ ಬಂಧುಗಳಿಗೆ ತಿಳಿಸಿ ಹೇಳಬೇಕು. ತಟ್ಟೆ ಲೋಟ ಬೇರೆಯಿಟ್ಟರೆ ಆಗುವ ಗಾಯಕ್ಕೆ ಮದ್ದಿಲ್ಲ.

ಕಡೆಯದಾಗಿ ಸಂಘಕ್ಕೆ ಒಂದು ಬಿನ್ನಹ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ತಿರುವನಂತಪುರದಲ್ಲಿ 1981ರಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಿದೆ. ನಮಗೆ ಇನ್ನೂ ಸಮೀಪವಾಗಿ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಕೇಂದ್ರವಿದೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದಂದಿನಿಂದ ಕಚೇರಿಯ ಕಾಗದ ಕನ್ನಡದಲ್ಲಿರಲೆಂದು ಕೇಳುತ್ತ ಬಂದಿದ್ದೇವೆ, ಕೇಳುತ್ತಲೇ ಇರೋಣ. ಅದರ ಜತೆಗೆ, ಎರಡೂ ಭಾಷೆ ಬಲ್ಲ ನಾಲ್ಕು ಮಂದಿ ತರುಣ ತರುಣಿಯರು ಸರದಿಯ ಮೇಲೆ ರೋಗಿಗಳೊಡನೆ ಆಸ್ಪತ್ರೆಗೆ ಹೋಗುವ ಏರ್ಪಾಡಾಗಲಿ. ತನ್ನ ದೇಹದ ಸುದ್ದಿಯನ್ನು ತನ್ನ ನುಡಿಯಲ್ಲಿ ಪೂರ್ತಿಯಾಗಿ ಕೇಳುವ ಹಕ್ಕು ರೋಗಿಯದು.

ನನ್ನ ಪತ್ನಿಯ ಚಿಕಿತ್ಸೆ ಮುಗಿದಿದೆ, ತಪಾಸಣೆಗಳು ಮುಂದುವರಿದಿವೆ. ಮುಂದೇನೆಂಬುದನ್ನು ಯಾರೂ ಬರೆದು ಕೊಟ್ಟಿಲ್ಲ. ಇಂದು ಅವಳು ಎದುರಿನ ಸಾಲಿನಲ್ಲಿ ಕುಳಿತಿದ್ದಾಳೆ. ಈ ಭಾಷಣವನ್ನು ಮೊದಲು ಅವಳಿಗೇ ಓದಿ ಹೇಳಿದೆನು. ಎರಡು ಕಡೆ ತಿದ್ದಿಸಿದಳು, ಏನನ್ನೂ ಬಿಡಗೊಡಲಿಲ್ಲ.