ಅನುಭವಕ್ಕೆ ಊರುಂಟೆ?

(ಬಾನುಲಿ ಭಾಷಣ)

ಉತ್ತರ ಕರ್ನಾಟಕದ ಕಡೆ ‘ಗುಳೆ’ ಎಂಬ ಮಾತಿದೆ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ದುಡಿಮೆ ಇದ್ದ ಕಡೆಗೆ ಹೊರಡುವುದೇ ಗುಳೆ. ಗುಳೆ ಹೊರಟವರಿಗೆ ಯಾರೂ ಹಾರ ಹಾಕಿ ಬೀಳ್ಕೊಡುವುದಿಲ್ಲ. ನಾನು ಇಂದು ಹೇಳಹೊರಟಿರುವುದು ಹಾರ ಹಾಕಿಸಿಕೊಂಡು ಹೊರಟವರ ಸಂಗತಿ. ವಿದ್ಯೆಯ ಬಲದಿಂದ ಅಂಕ ಗಳಿಸಿ, ಕೆನಡಾ ದೇಶದ ಕಾಯಂ ನಿವಾಸದ ಪತ್ರವನ್ನು ಕೈಯಲ್ಲಿ ಹಿಡಿದು ವಿಮಾನ ಏರುವವರ ಸಂಗತಿ. ಅಷ್ಟು ದೊಡ್ಡ ಸರ್ಕಾರ ಆರಿಸಿ ಕರೆಸಿಕೊಂಡ ಮೇಲೆ ಉದ್ಯೋಗ ದೊರೆಯದೆ ಇದ್ದೀತೆ ಎಂದು ಬೀಳ್ಕೊಡುವ ನಾವು ಭಾವಿಸುತ್ತೇವೆ. ಹೊರಡುವವರೂ ಹಾಗೆಯೇ ಭಾವಿಸಿರುತ್ತಾರೆ.

ಅಮೆರಿಕದ ಎಚ್-1ಬಿ ವೀಸಾದಲ್ಲಿ ಕೆಲಸ ಮೊದಲು, ವೀಸಾ ಆಮೇಲೆ; ಕಂಪನಿಯೇ ಅರ್ಜಿ ಹಾಕಿ ಕರೆಸಿಕೊಳ್ಳುತ್ತದೆ. ಕೆನಡಾದ ನುರಿತ ಕೆಲಸಗಾರರ ದಾರಿ ಬಹುಮಟ್ಟಿಗೆ ಇದಕ್ಕೆ ತಿರುವುಮುರುವು. ಅಲ್ಲಿ ಕರೆಯುವುದು ಸರ್ಕಾರ. ಕೆಲಸವನ್ನು ಹೋದವನೇ ಹುಡುಕಿಕೊಳ್ಳಬೇಕು. ಕರೆಯುವವರು ಒಬ್ಬರು, ಅನ್ನಕ್ಕೆ ದಾರಿ ಮಾಡಬೇಕಾದವರು ಇನ್ನೊಬ್ಬರು. ಇವರಿಬ್ಬರೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂಬುದರಲ್ಲಿಯೇ ಕಷ್ಟದ ಮೂಲವೆಲ್ಲ ಇದೆ.

ಸರ್ಕಾರದ ತಕ್ಕಡಿಯನ್ನು ನಾನು ಹಳಿಯಲಾರೆ. 1951ರಲ್ಲಿ ಕೆನಡಾ ಭಾರತದಿಂದ ವರ್ಷಕ್ಕೆ 150 ಮಂದಿಗೆ ಮಾತ್ರ ಬಾಗಿಲು ತೆರೆದಿತ್ತು. 1957ರಲ್ಲಿ ಅದನ್ನು 300ಕ್ಕೆ ಏರಿಸಿತು. ಮನುಷ್ಯನನ್ನು ಅವನ ದೇಶದಿಂದ ಅಳೆಯುತ್ತಿದ್ದ ಕಾಲ ಅದು. 1967ರಲ್ಲಿ ಬಂದ ಅಂಕಪದ್ಧತಿ ಅದನ್ನು ಬದಲಿಸಿ, ಓದು, ಭಾಷೆ, ವಯಸ್ಸು, ಕೆಲಸದ ಅನುಭವ ಇವುಗಳಿಂದ ಅಳೆಯತೊಡಗಿತು. ಅದು ಸಣ್ಣ ಸುಧಾರಣೆಯಲ್ಲ.

ನನ್ನ ಸೋದರಳಿಯನೊಬ್ಬ ಈ ಅಳತೆಯಲ್ಲಿ ಗೆದ್ದು 2017ರ ಅಕ್ಟೋಬರಿನಲ್ಲಿ ಟೊರಾಂಟೊ ಸೇರಿದ. ಆಗ ಅವನಿಗೆ ಮೂವತ್ತಾರು ವರ್ಷ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಹದಿಮೂರು ವರ್ಷ ಕಟ್ಟಡಗಳ ಕಂಬ ತೊಲೆಗಳ ವಿನ್ಯಾಸ ಮಾಡಿದ ಎಂಜಿನಿಯರು. ವಯಸ್ಸಿಗೆ ಹನ್ನೆರಡಕ್ಕೆ ಹನ್ನೊಂದು ಅಂಕ, ಅನುಭವಕ್ಕೆ ಹದಿನೈದಕ್ಕೆ ಹದಿನೈದು. ಅವನ ಹೆಂಡತಿ ಕನ್ನಡ ಎಂ.ಎ.; ಪ್ರೌಢಶಾಲೆಯಲ್ಲಿ ಏಳು ವರ್ಷ ಪಾಠ ಹೇಳಿದವಳು. ಆ ಏಳು ವರ್ಷಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಒಂದಿಷ್ಟು ಇಂಗ್ಲಿಷ್ ಬಲ್ಲಳೆಂಬುದಕ್ಕೆ ಗಂಡನ ಲೆಕ್ಕಕ್ಕೆ ಐದು ಅಂಕ ಸೇರಿತು. ಇದನ್ನು ಹೇಳಿ ಅವಳೇ ನಗುತ್ತಿದ್ದಳು.

ಮರುವರ್ಷದ ಜನವರಿಯಲ್ಲಿ ನಾನು ಅವರ ಮನೆಗೆ ಹೋದೆ. ಮೊದಲ ರಾತ್ರಿಯೇ ಒಂಬತ್ತು ಗಂಟೆಯ ಹೊತ್ತಿಗೆ ಅಳಿಯ ದಪ್ಪ ಕೋಟು, ಉಕ್ಕಿನ ಮೂತಿಯ ಬೂಟು ತೊಟ್ಟು ಹೊರಟು ನಿಂತ. ಕಟ್ಟಡದ ಕೆಲಸ ರಾತ್ರಿಯೂ ನಡೆಯುತ್ತದೆಯೆ ಎಂದು ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಬೂಟಿನ ದಾರ ಕಟ್ಟುತ್ತಲೇ ಹೇಳಿದ: “ಮಾವ, ವಿಮಾನ ನಿಲ್ದಾಣದ ಹತ್ತಿರ ಒಂದು ಗೋದಾಮು. ಪೆಟ್ಟಿಗೆ ಎತ್ತಿ ಜೋಡಿಸುವ ಕೆಲಸ. ಅಮ್ಮನಿಗೆ ಹೇಳಬೇಡಿ.”

ಅವನು ಎಂಬತ್ತಕ್ಕೂ ಮಿಕ್ಕಿ ಅರ್ಜಿ ಹಾಕಿದ್ದ. ಬಹುಪಾಲಿಗೆ ಉತ್ತರವೇ ಇಲ್ಲ. ಬಂದ ಉತ್ತರಗಳ ಧಾಟಿ ಒಂದೇ: ತಮ್ಮ ಅರ್ಹತೆ ಮೆಚ್ಚತಕ್ಕದ್ದು, ಆದರೆ ತಮಗೆ ಕೆನಡಾದ ಅನುಭವವಿಲ್ಲ. ಕೆಲಸ ಕೊಡದೆ ಅನುಭವ ಬರುವುದಿಲ್ಲ, ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ. ‘ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು’ ಎಂಬ ನಮ್ಮ ಹಳೆಯ ಗಾದೆ ಅಲ್ಲಿ ದಿನನಿತ್ಯದ ಸತ್ಯ. ಗೋದಾಮಿನವರ ಆಕ್ಷೇಪಣೆ ಬೇರೆ. ಇಷ್ಟು ಓದಿದವನು ನಿಲ್ಲುವವನಲ್ಲ ಎಂಬ ಸಂಶಯ ಅವರಿಗೆ. ಆದ್ದರಿಂದ ಅವನು ತನ್ನ ಅರ್ಜಿಯಿಂದ ಎಂ.ಟೆಕ್. ಪದವಿಯನ್ನು ಅಳಿಸಿಹಾಕಿದ್ದ. ಆ ಪದವಿಗಾಗಿ ನನ್ನ ತಂಗಿ ಎರಡು ಬಳೆ ಒತ್ತೆಯಿಟ್ಟದ್ದು ನನಗೆ ಗೊತ್ತು.

‘ಅನುಭವ’ ನಮ್ಮ ನುಡಿಯಲ್ಲಿ ತೂಕದ ಮಾತು. ಕಲ್ಯಾಣದ ಶರಣರು ಕೂಡುತ್ತಿದ್ದ ಮಂಟಪಕ್ಕೆ ಅದರ ಹೆಸರೇ ನಿಂತಿದೆ. ಆ ಮಂಟಪಕ್ಕೆ ದೂರದೂರದ ನಾಡುಗಳಿಂದ ಜನ ಬಂದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ನಿನಗೆಷ್ಟು ವರ್ಷದ ಅನುಭವವೆಂದು ಬಾಗಿಲಲ್ಲಿ ಯಾರನ್ನಾದರೂ ಕೇಳಿದ್ದನ್ನು ನಾನು ಕಾಣೆ.

ಆದರೂ ಕೆಲಸ ಕೊಡುವವರ ಮಾತಿನಲ್ಲಿ ಹುರುಳೇ ಇಲ್ಲವೆನ್ನುವುದು ನ್ಯಾಯವಲ್ಲ. ಇದನ್ನು ನನಗೆ ತಿಳಿಸಿದವನೂ ಅಳಿಯನೇ. ಕಟ್ಟಡದ ಮೇಲೆ ಬೀಳುವ ಭಾರಗಳನ್ನು ಕುರಿತ ಭಾರತೀಯ ಮಾನಕ ಐಎಸ್ 875 ಐದು ಭಾಗಗಳಲ್ಲಿದೆ. ಅದರ ನಾಲ್ಕನೆಯ ಭಾಗ ಹಿಮದ ಭಾರದ್ದು. “ಹದಿಮೂರು ವರ್ಷದಲ್ಲಿ ಆ ಪುಸ್ತಕ ಬಿಚ್ಚಿದವನಲ್ಲ, ಮಾವ” ಎಂದ. ಮೈಸೂರಿನ ಮಾಳಿಗೆಯ ಮೇಲೆ ಹಿಮ ಬೀಳುವುದೆಲ್ಲಿ ಬಂತು? ಟೊರಾಂಟೊದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸಣ್ಣ ಮನೆಯ ತಳಪಾಯವನ್ನೂ ಸುಮಾರು ನಾಲ್ಕು ಅಡಿ ಕೆಳಗಿಳಿಸಬೇಕು. ಇವೆಲ್ಲ ಕಲಿಯಬೇಕಾದ ಸಂಗತಿಗಳೇ. ಹಗಲು ನಿದ್ದೆಗೆಟ್ಟು, ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಅವನು ಅವನ್ನು ಕಲಿತದ್ದೂ ಉಂಟು. ಆದರೆ ‘ಹಿಮದ ಭಾರವನ್ನು ಹೇಗೆ ಲೆಕ್ಕಹಾಕುತ್ತೀಯೆ?’ ಎಂದು ಯಾರೂ ಅವನನ್ನು ಕರೆದು ಕೇಳಲಿಲ್ಲ. ಕೇಳಿದ್ದರೆ ಅದು ಪರೀಕ್ಷೆ. ಕೇಳದೆಯೇ ಕಾಗದವನ್ನು ಬದಿಗಿರಿಸಿದರೆ ಅದಕ್ಕೆ ಬೇರೆ ಹೆಸರಿದೆ.

ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೊಲಸ್ ಸುಮಾರು ಹದಿಮೂರು ಸಾವಿರ ಕೃತಕ ಅರ್ಜಿಗಳನ್ನು ಕೆನಡಾದ ಉದ್ಯೋಗದಾತರಿಗೆ ಕಳಿಸಿ ನೋಡಿದರು. 2011ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಓದೂ ಅನುಭವವೂ ಕೆನಡಾದ್ದೇ ಆಗಿದ್ದರೂ, ಹೆಸರು ಭಾರತದ್ದೋ ಚೀನಾದ್ದೋ ಆದೊಡನೆ ಸಂದರ್ಶನದ ಕರೆಗಳು ಕಡಿಮೆಯಾಗುತ್ತಿದ್ದವು. ಅನುಭವವೂ ಹೊರದೇಶದ್ದಾದರೆ ಇನ್ನಷ್ಟು ಕಡಿಮೆ. ಹೆಸರಿನ ಮೇಲೆ ಹಿಮ ಬೀಳುವುದಿಲ್ಲವಷ್ಟೆ.

ಪರವಾನಗಿಯ ತೊಡಕು ಇನ್ನೊಂದು. ಒಂಟಾರಿಯೊ ಪ್ರಾಂತ್ಯದಲ್ಲಿ ಪರವಾನಗಿಯಿಲ್ಲದವನು ತನ್ನನ್ನು ಎಂಜಿನಿಯರನೆಂದು ಕರೆದುಕೊಳ್ಳುವಂತಿಲ್ಲ. ಅಲ್ಲಿನ ಪರವಾನಗಿ ಪಡೆದ ಎಂಜಿನಿಯರೊಬ್ಬನ ಕೈಕೆಳಗೆ ಹನ್ನೆರಡು ತಿಂಗಳು ದುಡಿದಿರಬೇಕೆಂಬ ನಿಯಮ ಆಗ ಇತ್ತು. 2023ರ ಮೇ ತಿಂಗಳಿನಲ್ಲಿ ಅದನ್ನು ತೆಗೆದರು. ಕೆನಡಾದ ಅನುಭವವೇ ಬೇಕೆನ್ನುವುದು ಮೇಲ್ನೋಟಕ್ಕೇ ಭೇದಭಾವವೆಂದು ಆ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2013ರಲ್ಲಿಯೇ ಹೇಳಿತ್ತು. ಇಪ್ಪತ್ತೈದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಿ ಆ ಷರತ್ತನ್ನು ಹಾಕಬಾರದೆಂಬ ಕಾನೂನಿಗೆ ಜಾರಿಯ ದಿನವಾಗಿ ಗೊತ್ತಾದದ್ದು 2026ರ ಜನವರಿ 1. ಹದಿಮೂರು ವರ್ಷ! ಅಳಿಯ ಇಲ್ಲಿ ದುಡಿದದ್ದೂ ಅಷ್ಟೇ ವರ್ಷ. ಇನ್ನು ಜಾಹೀರಾತಿನಿಂದ ಹೋದ ಮಾತು ಸಂದರ್ಶನ ಮಾಡುವವನ ಮನಸ್ಸಿನಿಂದಲೂ ಹೋಗುತ್ತದೆಯೋ ಇಲ್ಲವೋ, ಅಲ್ಲಿ ಹೋಗಿ ಕೂರುವವರೇ ಹೇಳಬೇಕು.

ಊರಿಗೆ ಮರಳಿದ ನಾನು ತಂಗಿಗೆ ಹೇಳಿದ್ದು: “ಚೆನ್ನಾಗಿದ್ದಾನೆ. ಬಿಡುವಿಲ್ಲದಷ್ಟು ಕೆಲಸ.” ಎರಡನೆಯ ಮಾತು ಸುಳ್ಳಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಥ ಅರ್ಧ ಸತ್ಯ ಎಷ್ಟು ಮನೆಗಳ ದೂರವಾಣಿಯಲ್ಲಿ ಪ್ರತಿ ಭಾನುವಾರ ಹರಿದಾಡುತ್ತದೆಯೋ! ಹೋದವನು ತನ್ನ ಮಾನಕ್ಕಾಗಿ ಸುಮ್ಮನಿರುತ್ತಾನೆ. ಅವನ ಮೌನವನ್ನು ನಂಬಿ ಮುಂದಿನವನು ಮನೆ ಮಾರಿ, ಇದ್ದ ಕೆಲಸ ಬಿಟ್ಟು ಹೊರಡುತ್ತಾನೆ. ಅಳಿಯನೂ ಹಾಗೆ ಬೇರೊಬ್ಬ ಗೆಳೆಯನ ಮೌನವನ್ನು ನಂಬಿಯೇ ಹೊರಟವನು. ಹೋಗಬೇಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಅಲ್ಲಿನ ಮೊದಲ ಎರಡು ವರ್ಷದ ಲೆಕ್ಕವನ್ನು, ಗೋದಾಮನ್ನೂ ಸೇರಿಸಿ, ಹೋದವರು ಬಾಯಿಬಿಟ್ಟು ಹೇಳಲೆಂಬುದಷ್ಟೇ ನನ್ನ ಕೋರಿಕೆ.

ಅಳಿಯ ಹದಿನಾರು ತಿಂಗಳು ಪೆಟ್ಟಿಗೆ ಎತ್ತಿದ. ಆಮೇಲೆ ಚಿಕ್ಕ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನಾಗಿ ಸೇರಿದ. ಬೆಂಗಳೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ತಾನೇ ಹಂಚುತ್ತಿದ್ದ ಕೆಲಸ ಅದು. ಪರವಾನಗಿ ದೊರೆತದ್ದು 2021ರಲ್ಲಿ. ನಿಯಮ ಸಡಿಲವಾಗುವ ಹೊತ್ತಿಗೆ ಅವನು ಅದನ್ನು ದಾಟಿಯಾಗಿತ್ತು. ಅವನ ಹೆಂಡತಿ ಈಗಲೂ ಶಿಶುವಿಹಾರವೊಂದರಲ್ಲಿದ್ದಾಳೆ. ಪಾಠ ಹೇಳುವ ಕೆಲಸಕ್ಕೆ ಅವಳು ಮರಳಲೇ ಇಲ್ಲ.

ಕಳೆದ ವರ್ಷ ಊರಿಗೆ ಬಂದಾಗ ಅವನು ತಾಯಿಯ ಮುಂದೆ ಕುಳಿತು ಗೋದಾಮಿನ ಸಂಗತಿಯನ್ನೆಲ್ಲ ತಾನೇ ಹೇಳಿದ. ಆದ್ದರಿಂದಲೇ ನಾನು ಇಂದು ಇಷ್ಟು ಬಾಯಿಬಿಟ್ಟೆ. ತಂಗಿ ನನ್ನ ಮುಖವನ್ನೊಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಮಗನನ್ನು ಮಾತ್ರ ಕೇಳಿದಳು: “ರಾತ್ರಿ ಪಾಳಿಯಲ್ಲಿ ಊಟಕ್ಕೆ ಏನು ಮಾಡುತ್ತಿದ್ದೆ?”