ಬಂಡೆಯ ಬಲ ಎಲ್ಲಿದೆ?

ಸಂಗೊಳ್ಳಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಮುಂದೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಹೊರಬೀಳುತ್ತದೆ. ರೇಣುಕಾ ಸಾಗರದ ಅಣೆಕಟ್ಟು ನಿಂತಿರುವುದೂ ಆ ಇಕ್ಕಟ್ಟಿನಲ್ಲೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಬಣ್ಣಿಸಿದ ಕಲಾದಗಿ ಶ್ರೇಣಿಯ ಕ್ವಾರ್ಟ್ಜೈಟ್ ಕಲ್ಲು ಅದು. ಅದರ ಚೂರೊಂದನ್ನು ಒಡೆದು ನೋಡಿ: ಸೀಳು ಮರಳಿನ ಕಾಳುಗಳ ಸುತ್ತ ಬಳಸಿ ಹೋಗುವುದಿಲ್ಲ, ಕಾಳುಗಳನ್ನೇ ಕತ್ತರಿಸಿ ಹೋಗುತ್ತದೆ. ಅಷ್ಟು ಗಟ್ಟಿ! ಆದರೂ ಗುಡ್ಡದ ಅಂಚಿನಲ್ಲಿ ಇದೇ ಕಲ್ಲು ಪದರು, ಬಿರುಕುಗಳ ಗುಂಟ ಬಿಚ್ಚಿಕೊಂಡು ತುಂಡು ತುಂಡಾಗಿ ಉರುಳುತ್ತದೆ. ಕಲ್ಲಿನ ಬಲ ಬೇರೆ, ಬಂಡೆಯ ಬಲ ಬೇರೆ ಎಂಬುದೇ ನನ್ನ ವಾದ.

ಈ ಭೇದ ಲೆಕ್ಕಕ್ಕೆ ಸಿಕ್ಕಿದ್ದು ತೀರ ತಡವಾಗಿ. ಫ್ರೆಂಚ್ ಎಂಜಿನಿಯರ್ ಕೂಲಂಬ್ 1773ರಲ್ಲೇ ಅಂಟು ಮತ್ತು ಘರ್ಷಣೆ ಸೇರಿ ವಸ್ತುವಿನ ತಾಳಿಕೆಯಾಗುತ್ತದೆ ಎಂದು ತೋರಿಸಿದ್ದ. ಆದರೆ ಆ ಲೆಕ್ಕದಲ್ಲಿ ಕಲ್ಲು ಎಲ್ಲ ದಿಕ್ಕಿಗೂ ಒಂದೇ. 1959ರ ಡಿಸೆಂಬರ್ 2ರಂದು ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಕಾಂಕ್ರೀಟು ಚೆನ್ನಾಗಿಯೇ ಇತ್ತು. ಎಡದಂಡೆಯ ಬುಡದ ಬಂಡೆ ತನ್ನ ಸೀಳುಗಳ ಮೇಲೆ ಜಾರಿತ್ತು. ಮರುವರ್ಷ ಆಸ್ಟ್ರೇಲಿಯಾದ ಜೆ. ಸಿ. ಯೇಗರ್ ದಿಕ್ಕನ್ನು ಲೆಕ್ಕಕ್ಕೆ ತಂದರು. ಭಾರ ಪದರಿಗೆ ಅಡ್ಡಲಾಗಿ ಬಿದ್ದರೆ ಕಲ್ಲು ಪೂರ್ತಿ ಬಲ ತೋರುತ್ತದೆ, ಪದರಿನ ಗುಂಟವೇ ಬಿದ್ದರೂ ಪದರು ಜಾರುವುದಿಲ್ಲ. ಎರಡರ ನಡುವೆ, ಪದರು ಭಾರದ ದಿಕ್ಕಿಗೆ ಸುಮಾರು 30 ಡಿಗ್ರಿ ಓರೆಯಲ್ಲಿದ್ದರೆ, ಕಲ್ಲು ಒಡೆಯುವ ಮೊದಲೇ ಪದರು ಜಾರಿಬಿಡುತ್ತದೆ. 1971ರಲ್ಲಿ ಪೀಟರ್ ಕಂಡಲ್ ಬಂಡೆಯನ್ನು ಬಿಡಿ ತುಂಡುಗಳ ರಾಶಿಯೆಂದೇ ಕಂಪ್ಯೂಟರಿಗೆ ಕಲಿಸಿದರು.

ಬಾದಾಮಿಯ ಮೂರನೆಯ ಗುಹೆ 578ರಿಂದ ನಿಂತಿಲ್ಲವೇ, ಪದರುಗಲ್ಲಿಗೆ ಇಷ್ಟೇಕೆ ಹೆದರಿಕೆ ಎಂದು ಕೇಳಬಹುದು. ಅಲ್ಲಿನ ಮರಳುಗಲ್ಲಿನ ಪದರುಗಳು ಹೆಚ್ಚುಕಡಿಮೆ ಮಟ್ಟಸ. ಮೇಲಿನ ಭಾರ ಅಡ್ಡಲಾಗಿ ಬೀಳುತ್ತದೆ. ಗುಹೆ ನಿಂತದ್ದು ಯೇಗರ್ ಲೆಕ್ಕಕ್ಕೆ ಸಾಕ್ಷಿಯೇ ಹೊರತು ವಿರೋಧವಲ್ಲ. ಬಿರುಕಿಗೆ ಸಿಮೆಂಟ್ ತುಂಬಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಸಿಮೆಂಟ್ ನೀರಿನ ಸೋರಿಕೆಯನ್ನು ತಡೆದೀತು, ಸ್ವಲ್ಪ ಬಿಗಿಯನ್ನೂ ಕೊಟ್ಟೀತು, ಪದರಿನ ಓರೆಯನ್ನು ತಿದ್ದಲಾರದು. ಕಂಪ್ಯೂಟರ್ ಇದೆಯೆಂಬ ಧೈರ್ಯವೂ ಅರ್ಧ ಮಾತ್ರ ಸರಿ. ಬಿರುಕಿನ ದಿಕ್ಕು, ಅಂತರ, ಒಳಗಿನ ಜೇಡಿಯನ್ನು ಯಾರಾದರೂ ಗುಡ್ಡಕ್ಕೆ ಹೋಗಿ ಅಳೆದು ತರಬೇಕು. ಆದ್ದರಿಂದ ನಮ್ಮ ಸೀಮೆಯಲ್ಲಿ ಗುಡ್ಡ ಕಡಿದು ರಸ್ತೆ ಮಾಡುವವರಿಗೆ, ಖಣಿ ತೋಡುವವರಿಗೆ ನನ್ನ ಬಿನ್ನಹ: ಪ್ರಯೋಗಾಲಯದ ಅಂಕಿಯೊಂದನ್ನೇ ನಂಬಿ ಕೆಲಸ ಸುರುಮಾಡಬೇಡಿ, ಪದರು ಯಾವ ಕಡೆಗೆ, ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.