ದೀಪದ ಬೆಳಕಿನಲ್ಲಿ ನಿಲ್ಲುವ ನಮ್ಮ ಹೆಣ್ಣುಮಕ್ಕಳು

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಯುವಜನರ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ದೇವಾಲಯವೊಂದು ನೂರು ವರ್ಷ ಪೂರೈಸಿದಾಗ ಅಡಿಗಲ್ಲಿಟ್ಟವರನ್ನೂ ಗಂಟೆ ತರಿಸಿದವರನ್ನೂ ಸ್ಮರಿಸುವುದು ವಾಡಿಕೆ. ಆ ಕೃತಜ್ಞತೆಯ ಕಾರ್ಯವನ್ನು ಇತರ ಸಭೆಗಳಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ನೆರವೇರಿಸಿದ್ದಾರೆ. ಇಂದಿನ ಸಭೆಗೆ ನಾವು ಆರಿಸಿಕೊಂಡ ವಿಷಯ ಬೇರೆ. ರೂಪದರ್ಶಿಯಾಗಿ ಆರಂಭಿಸಿ ದೂರದರ್ಶನದ ನಟಿಯಾದ ಒಬ್ಬ ಹೆಣ್ಣುಮಗಳ ವೃತ್ತಿಜೀವನದ ಕುರಿತು ಮಾತನಾಡುತ್ತೇವೆಂದು ತಿಳಿದಾಗ ಕೆಲವು ಹಿರಿಯರು ಹುಬ್ಬೇರಿಸಿದರಂತೆ. ಹುಬ್ಬೇರಿಸಲಿ. ನಮ್ಮ ವಾಳೆಗಳಲ್ಲಿಯೇ ಈ ದಾರಿಯತ್ತ ಕಣ್ಣಿಟ್ಟ ಹೆಣ್ಣುಮಕ್ಕಳಿದ್ದಾರೆ. ಅವರ ತಂದೆತಾಯಂದಿರು ಗುರುಮಂದಿರದ ಬಾಗಿಲಿಗೆ ಬಂದು, "ಫಾದರ್, ಇದು ಪಾಪವೇ?" ಎಂದು ತಗ್ಗಿದ ಸ್ವರದಲ್ಲಿ ಕೇಳುತ್ತಾರೆ. ತಗ್ಗಿದ ಸ್ವರದ ಪ್ರಶ್ನೆಗೆ ಎಲ್ಲರ ಎದುರಿನಲ್ಲಿ ಉತ್ತರ ಕೊಡುವುದು ಒಳಿತೆಂದು ನಮಗೆ ತೋರಿತು.

ಹೆಣ್ಣುಮಕ್ಕಳು ಮನೆಯ ಹೊಸ್ತಿಲು ದಾಟಿದಾಗಲೆಲ್ಲ ನಮ್ಮ ಸಮಾಜ ಹುಬ್ಬೇರಿಸಿದ್ದುಂಟು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಈ ಊರಿಗೆ ಬಂದು ಹುಡುಗಿಯರಿಗೆ ಶಾಲೆ ನಡೆಸತೊಡಗಿದರು; 1921ರಲ್ಲಿ ಅದೇ ಸಭೆಯಿಂದ ಸಂತ ಆಗ್ನೆಸ್ ಕಾಲೇಜು ಹುಟ್ಟಿತು. ಹೆಣ್ಣಿಗೆ ಕಾಲೇಜು ಏತಕ್ಕೆಂದು ಕೇಳಿದ ಅಜ್ಜಂದಿರ ಮೊಮ್ಮಕ್ಕಳು ನಾವು. ಬಳಿಕ ಮಗಳು ದಾದಿಯ ಕೆಲಸ ಕಲಿತು ಪರವೂರಿಗೆ ಹೊರಟಾಗ, ಬೊಂಬಾಯಿಯ ಕಛೇರಿಯಲ್ಲಿ ಟೈಪ್ ಮಾಡಲು ರೈಲು ಹತ್ತಿದಾಗ, ಕೊಲ್ಲಿ ದೇಶಕ್ಕೆ ವಿಮಾನವೇರಿದಾಗ ಅದೇ ಗುಸುಗುಸು. ಅವರು ಕಳುಹಿಸಿದ ಹಣದಿಂದ ಹಂಚಿನ ಮನೆ ತಾರಸಿಯ ಮನೆಯಾದ ಮೇಲೆ ಗುಸುಗುಸು ನಿಂತಿತು. ಇಂದು ಅದು ಈ ಹೊಸ ವೃತ್ತಿಯ ಕಡೆಗೆ ತಿರುಗಿದೆ, ಅಷ್ಟೆ.

ಈ ವೃತ್ತಿಗೆ ಮಂಗಳೂರಿನ ನಂಟು ಸಣ್ಣದಲ್ಲ. 1994ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈ ಹುಟ್ಟಿದ್ದು ಇದೇ ಊರಲ್ಲಿ. ಮಂಗಳೂರು ಮೂಲದ ಕ್ಯಾಥೋಲಿಕ್ ಕುಟುಂಬಗಳಿಂದ ಬಂದ ಜೆನೆಲಿಯಾ ಡಿಸೋಜ, ಫ್ರೀಡಾ ಪಿಂಟೊ ಇಬ್ಬರೂ ಜಾಹೀರಾತುಗಳಿಂದ ಚಿತ್ರರಂಗಕ್ಕೆ ಕಾಲಿಟ್ಟವರು. ಆದರೆ ಕಿರುತೆರೆಯ ದುಡಿಮೆಯನ್ನು ಅರಿಯಲು ನಮಗೆ ಹೆಚ್ಚು ನೆರವಾಗುವುದು ಎರಿಕಾ ಫೆರ್ನಾಂಡಿಸ್ ಅವರ ನಡೆ.

1993ರಲ್ಲಿ ಜನಿಸಿದ ಎರಿಕಾ ನಮ್ಮದೇ ಮಂಗಳೂರು ಕ್ಯಾಥೋಲಿಕ್ ಮನೆತನದವರು, ಬೆಳೆದದ್ದು ಮುಂಬಯಿಯಲ್ಲಿ. ಬಾಂದ್ರಾದ ಸಂತ ಆಂಡ್ರೂಸ್ ಕಾಲೇಜಿನ ಓದನ್ನು ನಡುವೆ ಬಿಟ್ಟು ರೂಪದರ್ಶಿಯಾದರು. (ಹೆತ್ತವರು ಇಲ್ಲಿ ನಿಟ್ಟುಸಿರು ಬಿಡುವುದು ನಮಗೆ ಕೇಳಿಸುತ್ತಿದೆ. ಬಿ.ಎ. ಮುಗಿಸಿಕೊಳ್ಳಲಿ ಎಂಬುದೇ ನಮ್ಮ ಮತವೂ ಹೌದು.) 2012ರ ಫೆಮಿನಾ ಮಿಸ್ ಇಂಡಿಯಾ ಸ್ಪರ್ಧೆಯಲ್ಲಿ ಪಾಲ್ಗೊಂಡರು. 2013ರಲ್ಲಿ ತಮಿಳು ಚಿತ್ರವೊಂದರಲ್ಲಿ ನಟಿಸಿದರು. 2014ರಲ್ಲಿ ದಿವಂಗತ ಪುನೀತ್ ರಾಜಕುಮಾರರೊಂದಿಗೆ ಕನ್ನಡದ 'ನಿನ್ನಿಂದಲೇ', 2015ರಲ್ಲಿ ಗಣೇಶರೊಂದಿಗೆ 'ಬುಗುರಿ'. ತೆಲುಗು, ಹಿಂದಿ ಚಿತ್ರಗಳೂ ಬಂದುವು. ಮನೆಮಾತಾದದ್ದು ಮಾತ್ರ ಬೆಳ್ಳಿತೆರೆಯಿಂದಲ್ಲ, 2016ರಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾದ 'ಕುಛ್ ರಂಗ್ ಪ್ಯಾರ್ ಕೆ ಐಸೇ ಭೀ' ಎಂಬ ಹಿಂದಿ ಧಾರಾವಾಹಿಯಿಂದ.

ಆ ಘಟ್ಟಕ್ಕೆ ಹೋಗುವ ಮೊದಲು ಚಿತ್ರಗಳ ದಿನಗಳ ಒಂದು ಮಾತನ್ನು ಹೇಳಬೇಕು. ಎರಿಕಾ ಅವರೇ ಬಳಿಕ ಸಂದರ್ಶನವೊಂದರಲ್ಲಿ ಬಹಿರಂಗವಾಗಿ ತಿಳಿಸಿದ ಸಂಗತಿ ಇದು. ದಕ್ಷಿಣದ ಚಿತ್ರಗಳಲ್ಲಿ ನಟಿಸತೊಡಗಿದಾಗ ಅವರು ತೀರ ತೆಳ್ಳಗಿದ್ದರು. ನಾಯಕಿಯೆಂದರೆ ಮೈತುಂಬಿಕೊಂಡಿರಬೇಕೆಂಬ ರೂಢಿಗೆ ಸರಿಹೊಂದಿಸಲು ಅವರ ಉಡುಪಿನೊಳಗೆ ಅಲ್ಲಲ್ಲಿ ಮೆತ್ತೆಗಳನ್ನು ತುಂಬುತ್ತಿದ್ದರಂತೆ. ತಾನು ಇದ್ದಂತೆ ಸಾಲದೆಂಬ ನಾಚಿಕೆ ತನ್ನನ್ನು ಕಾಡಿತೆಂದು ಅವರು ಹೇಳಿಕೊಂಡಿದ್ದಾರೆ.

ಹೆತ್ತವರೇ, ಅಪಾಯವೆಲ್ಲಿದೆ ಎಂದು ನೀವು ಕೇಳಿದರೆ ನಾವು ಬೆರಳಿಡುವುದು ಇಲ್ಲಿಗೆ. ನೀವು ಅಂಜುವುದು ಗಿಡ್ಡ ಉಡುಪಿಗೆ, ತಡರಾತ್ರಿಯ ಕೂಟಕ್ಕೆ, ಊರವರ ಬಾಯಿಗೆ. ಆ ಅಂಜಿಕೆ ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಇಪ್ಪತ್ತರ ಹುಡುಗಿಯೊಬ್ಬಳು ದಿನವೂ ಕನ್ನಡಿಯ ಮುಂದೆ ನಿಂತು, ದೇವರು ತನಗೆ ಕೊಟ್ಟ ಮೈ ಕೆಲಸಕ್ಕೆ ಬಾರದ್ದೆಂಬ ತೀರ್ಪನ್ನು ಕೇಳುವುದಿದೆಯಲ್ಲ, ಅದು ಅದಕ್ಕಿಂತ ಆಳದ ಗಾಯ. ವ್ಯಾಟಿಕನ್ನಿನ ಸಮೂಹ ಸಂಪರ್ಕ ಸಮಿತಿ 1997ರಲ್ಲಿ ಜಾಹೀರಾತಿನ ನೀತಿಯ ಕುರಿತು ಪ್ರಕಟಿಸಿದ ದಸ್ತಾವೇಜು ಸತ್ಯ, ಮಾನವ ವ್ಯಕ್ತಿಯ ಘನತೆ, ಸಾಮಾಜಿಕ ಹೊಣೆ ಎಂಬ ಮೂರು ಅಳತೆಗೋಲುಗಳನ್ನು ಕೊಟ್ಟಿತು. ಮೆತ್ತೆ ತುಂಬಿದ ಉಡುಪು ಈ ಮೂರರಲ್ಲಿ ಎಷ್ಟನ್ನು ಮುರಿಯುತ್ತದೆ, ನೀವೇ ಎಣಿಸಿ.

ಎಣಿಸುವಾಗ ನಮ್ಮ ಮನೆಗಳನ್ನೂ ಬಿಡಬೇಡಿ. ಹೆಣ್ಣು ನೋಡಲು ಹೋಗಿ ಬಂದವರು, "ಹುಡುಗಿ ಒಳ್ಳೆಯವಳೇ, ಆದರೆ ಬಣ್ಣ ಸ್ವಲ್ಪ ಕಡಿಮೆ, ಬಹಳ ಸಪೂರ" ಎನ್ನುವುದಿಲ್ಲವೇ? ರೋಸ್ ಶಾಸ್ತ್ರದ ದಿನ, ಮದುಮಗಳ ಕೆನ್ನೆಗೆ ತೆಂಗಿನ ಹಾಲು ಹಚ್ಚುವ ಕೈಗಳೇ ಬದಿಗೆ ಸರಿದು ಅವಳ ಮೈಬಣ್ಣವನ್ನು ಅಳೆಯುವುದಿಲ್ಲವೇ? ಚಿತ್ರರಂಗದವರು ಕಲಿತ ಪಾಠಶಾಲೆ ತೀರ ದೂರದಲ್ಲಿಲ್ಲ.

ಈಗ ಕಿರುತೆರೆಯ ವಿಷಯ. ಕಷ್ಟದಲ್ಲಿ ಮಗನನ್ನು ಬೆಳೆಸಿದ ತಾಯಿ, ತಾಯಿಯನ್ನೇ ಸರ್ವಸ್ವವೆಂದು ತಿಳಿದ ಮಗ ದೇವ್, ಆ ಮನೆಗೆ ಬರುವ ಸೋನಾಕ್ಷಿ ಬೋಸ್ ಎಂಬ ವೈದ್ಯೆ, ಇವರ ಕಥೆ ಅದು. ಶಾಹೀರ್ ಶೇಖ್ ಮಗನಾಗಿ, ಸುಪ್ರಿಯಾ ಪಿಳಗಾಂವ್ಕರ್ ತಾಯಿಯಾಗಿ, ಎರಿಕಾ ಸೋನಾಕ್ಷಿಯಾಗಿ ನಟಿಸಿದರು. ಸೋನಾಕ್ಷಿಯದು ಪೌಷ್ಟಿಕ ಆಹಾರ ತಜ್ಞೆಯ ವೃತ್ತಿ. ಮೈತುಂಬಿಲ್ಲವೆಂದು ಮೆತ್ತೆ ಹೊತ್ತ ಹುಡುಗಿಗೇ ಊರವರ ಊಟ ತಿದ್ದುವ ಪಾತ್ರ ಸಿಕ್ಕಿತು! ಕಥೆಯಲ್ಲಿ ವಿಷವಿಕ್ಕುವ ಅತ್ತೆಯಾಗಲಿ ಕಣ್ಣೀರು ಸುರಿಸುವ ಸೊಸೆಯಾಗಲಿ ಇರಲಿಲ್ಲ. ತಾಯಿ ಕೆಟ್ಟವಳಲ್ಲ, ಹೆಂಡತಿಯೂ ಕೆಟ್ಟವಳಲ್ಲ, ನಡುವೆ ನಿಂತ ಗಂಡಸಿಗೆ ಬಾಯಿಲ್ಲ. ನಲುವತ್ತು ವರ್ಷಗಳಷ್ಟು ಕಾಲ ಕುಟುಂಬಗಳ ಜಗಳ ಬಿಡಿಸಿದ ಗುರುಗಳು ಯಾರನ್ನಾದರೂ ಕೇಳಿ ನೋಡಿ, ಮುರಿದ ಮನೆಗಳಲ್ಲಿ ಎಷ್ಟೋ ಮುರಿದದ್ದು ಹೀಗೆಯೇ ಎನ್ನುತ್ತಾರೆ. ಗಂಡನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನೆಂಬ ಆದಿಕಾಂಡದ ವಿಚಾರವನ್ನು ನಾವು ವಿವಾಹದ ಪೂಜೆಯಲ್ಲಿ ಹದಿನೈದು ನಿಮಿಷ ವಿವರಿಸುತ್ತೇವೆ, ಜನ ಗಡಿಯಾರ ನೋಡುತ್ತಾರೆ. ಅದನ್ನೇ ಧಾರಾವಾಹಿ ತಿಂಗಳುಗಟ್ಟಲೆ ಹೇಳಿತು, ಜನ ಕುಳಿತು ನೋಡಿದರು. 2017ರಲ್ಲಿ ಅದು ಮುಗಿದಾಗ ವೀಕ್ಷಕರ ಒತ್ತಾಯಕ್ಕೆ ಮಣಿದು ಅದೇ ವರ್ಷ ಮತ್ತೆ ಕೆಲವು ವಾರ ಮುಂದುವರಿಸಬೇಕಾಯಿತು.

2018ರಿಂದ 2020ರ ತನಕ ಸ್ಟಾರ್ ಪ್ಲಸ್ ವಾಹಿನಿಯ 'ಕಸೌಟಿ ಜಿಂದಗಿ ಕೇ' ಧಾರಾವಾಹಿಯಲ್ಲಿ ಎರಿಕಾ ಪ್ರೇರಣಾ ಎಂಬ ಪಾತ್ರ ವಹಿಸಿದರು. 2001ರಲ್ಲಿ ಆರಂಭವಾಗಿ 2008ರ ವರೆಗೆ ನಡೆದ ಹಳೆಯ ಧಾರಾವಾಹಿಯಲ್ಲಿ ಶ್ವೇತಾ ತಿವಾರಿ ಮಾಡಿದ ಪಾತ್ರವದು. ಅದರ ಕುರಿತು ನಾವು ಹೆಚ್ಚು ಹೇಳುವುದಿಲ್ಲ, ಹೇಳತಕ್ಕದ್ದೂ ಹೆಚ್ಚಿಲ್ಲ.

2021ರಲ್ಲಿ ಸೋನಾಕ್ಷಿಯ ಕಥೆ ಮೂರನೆಯ ಬಾರಿ ತೆರೆಗೆ ಬಂತು. ಕೆಲವು ತಿಂಗಳಲ್ಲಿ ಎರಿಕಾ ಅದರಿಂದ ಹೊರಬಂದರು. ಬುದ್ಧಿವಂತೆಯೂ ದೃಢಚಿತ್ತಳೂ ಆಗಿದ್ದ ಸೋನಾಕ್ಷಿಯನ್ನು ದುರ್ಬಲಳನ್ನಾಗಿ, ಗೊಂದಲಗೊಂಡವಳನ್ನಾಗಿ ಮಾಡಿದ್ದು ತಮಗೆ ನಿರಾಸೆ ತಂದಿದೆ ಎಂಬ ಅರ್ಥದಲ್ಲಿ ಅವರು ಬಹಿರಂಗವಾಗಿ ಬರೆದರು. ಸಂಬಳ, ಹೆಸರು, ಮನೆಮನೆಯ ಪರಿಚಯ ಎಲ್ಲವೂ ಇದ್ದ ಕೆಲಸ ಅದು. ಹಿಂದೊಮ್ಮೆ ತನ್ನ ಮೈಯನ್ನು ತಿದ್ದಿದಾಗ ನಾಚಿಕೆಯಿಂದ ಸುಮ್ಮನಿದ್ದ ಹುಡುಗಿ, ತಾನು ವಹಿಸಿದ ಪಾತ್ರದ ವ್ಯಕ್ತಿತ್ವವನ್ನು ತಿದ್ದಿದಾಗ ಎದ್ದು ನಿಂತು ಮಾತನಾಡಿದಳು. ಈ ಎರಡು ಘಟನೆಗಳ ನಡುವೆ ನಡೆದ ಬೆಳವಣಿಗೆ ಯಾವ ಕಿರೀಟಕ್ಕಿಂತಲೂ ದೊಡ್ಡದೆಂದು ನಾವು ಎಣಿಸುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ಅವರು, ನಮ್ಮ ಸಮುದಾಯದ ಸಾವಿರಾರು ಮಂದಿಯಂತೆ, ದುಬೈಯಲ್ಲಿ ನೆಲೆಸಿದ್ದಾರೆ.

ಇನ್ನು ಪಾಪವೇ ಎಂಬ ಪ್ರಶ್ನೆ. ಪವಿತ್ರ ಸಭೆಯ ಚರಿತ್ರೆಯಲ್ಲಿ ನಟನಟಿಯರೊಡನೆ ಕಠಿಣವಾಗಿ ನಡೆದುಕೊಂಡ ಕಾಲವೂ ಇದೆ, ಅದನ್ನು ಮುಚ್ಚಿಡುವುದು ಸಲ್ಲದು. 1673ರಲ್ಲಿ ಪ್ಯಾರಿಸಿನಲ್ಲಿ ನಾಟಕಕಾರ ಮೊಲಿಯೇರ್ ತೀರಿಕೊಂಡಾಗ, ಆತ ನಟನೆಂಬ ಕಾರಣಕ್ಕೆ ಕ್ರೈಸ್ತ ಸಮಾಧಿ ನಿರಾಕರಿಸಲ್ಪಟ್ಟಿತು. ಅರಸನು ನಡುವೆ ಬಂದ ಮೇಲೆ ರಾತ್ರಿ ವೇಳೆಯಲ್ಲಿ ಆತನನ್ನು ಹೂಳಲಾಯಿತು. ಆದರೆ ಅದಕ್ಕಿಂತ ನಾಲ್ಕು ಶತಮಾನ ಮೊದಲೇ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನೆತ್ತಿ, ಜನರಿಗೆ ಮನಸ್ಸಿನ ವಿಶ್ರಾಂತಿ ಕೊಡುವ ನಟರ ವೃತ್ತಿ ಸ್ವತಃ ಅಧರ್ಮವಲ್ಲ, ಮಿತಿ ಮೀರದೆ ನಡೆಸಿದರೆ ಅವರು ಪಾಪದ ಸ್ಥಿತಿಯಲ್ಲಿಲ್ಲ, ಅವರಿಗೆ ಹಣ ಕೊಡುವವರು ದುಡಿಮೆಗೆ ತಕ್ಕ ಕೂಲಿ ಕೊಟ್ಟಂತಾಗುತ್ತದೆ ಎಂದು ತೀರ್ಮಾನಿಸಿದ್ದರು. ಸೆಮಿನರಿಯಲ್ಲಿ ಈ ಪ್ರಕರಣವನ್ನು ಬೇಗನೆ ದಾಟಿಬಿಡುವ ವಾಡಿಕೆ. ಇಂದು ಅದು ಉಪಯೋಗಕ್ಕೆ ಬಂತು. 1958ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಸಂತ ಕ್ಲಾರಳನ್ನು ದೂರದರ್ಶನದ ಪಾಲಕಿಯೆಂದು ಸಾರಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶ, ನಟರ ಹೊಣೆಯೊಡನೆ ನೋಡುಗರ ಹೊಣೆಯನ್ನೂ ಹೆಸರಿಸಿತು. ರಾತ್ರಿ ತೇರ್ಸ್ ಬೇಗಬೇಗನೆ ಮುಗಿಸಿ ಧಾರಾವಾಹಿಗೆ ಕೂರುವ ನಾವೆಲ್ಲರೂ ಆ ಎರಡನೆಯ ಸಾಲಿನವರು.

ಇನ್ನೂ ಒಬ್ಬ ನಟರ ನೆನಪು ಮಾಡಿಕೊಡುತ್ತೇವೆ. ನಾಜಿಗಳ ಆಡಳಿತದಲ್ಲಿದ್ದ ಪೋಲೆಂಡಿನಲ್ಲಿ, ಗುಟ್ಟಾಗಿ ಮನೆಗಳೊಳಗೆ ನಾಟಕವಾಡುತ್ತಿದ್ದ ತಂಡದಲ್ಲಿ ಒಬ್ಬ ತರುಣನಿದ್ದ. 1986ರ ಫೆಬ್ರವರಿಯಲ್ಲಿ ಆತನೇ ಜಗದ್ಗುರು ಎರಡನೆಯ ಜಾನ್ ಪಾಲರಾಗಿ ನಮ್ಮ ಮಂಗಳೂರಿಗೆ ಬಂದಾಗ ನಿಮ್ಮಲ್ಲಿ ಹಲವರು ಬಿಸಿಲಿನಲ್ಲಿ ನಿಂತು ಅವರನ್ನು ಕಂಡಿದ್ದೀರಿ. ರಂಗದ ಮೇಲೆ ನಿಂತವರೆಲ್ಲರೂ ಕೆಟ್ಟವರೆಂದು ಆ ದಿನ ಯಾರೂ ಹೇಳಲಿಲ್ಲ.

ಹೀಗಿರಲು ನಮ್ಮನ್ನು ನೋಯಿಸುವುದು ನಮ್ಮವರ ಎರಡು ನಾಲಗೆ. ಹುಡುಗಿ ಮೊದಲ ಜಾಹೀರಾತಿಗೆ ನಿಂತಾಗ ದೇವಾಲಯದ ಹಿಂದಿನ ಬೆಂಚುಗಳಲ್ಲಿ ಪಿಸುಮಾತು; ಆಕೆ ಹೆಸರು ಗಳಿಸಿದ ದಿನ "ನಮ್ಮವಳು" ಎಂದು ಶಾಲು, ಹಾರ, ಫಲಕ. ಇವೆರಡರ ನಡುವೆ, ಅವಕಾಶವಿಲ್ಲದೆ ಬಾಡಿಗೆ ಕೋಣೆಯಲ್ಲಿ ಕಾಯುವ ವರ್ಷಗಳಲ್ಲಿ, ಆಕೆಯ ಯೋಗಕ್ಷೇಮ ವಿಚಾರಿಸಿದವರು ಯಾರು? ಗೆದ್ದವರ ಹೆಸರು ನಾವು ಇಂದು ಹೇಳಿದೆವು. ಗೆಲ್ಲದೆ ಮರಳಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಅವರು ಪುನಃ ಬಂದು ಕೂರುವುದು ಅದೇ ಬೆಂಚುಗಳಲ್ಲಿ. ಗುರಿಕಾರರೇ, ನಿಮ್ಮ ವಾಳೆಯಲ್ಲಿ ಅಂಥ ಮನೆಯಿದ್ದರೆ ಈ ಹಬ್ಬದ ವರ್ಷದಲ್ಲಿಯೇ ಹೋಗಿ ಬನ್ನಿ. ಏನೂ ಕೇಳಬೇಡಿ, ಚಹಾ ಕುಡಿದು ಬನ್ನಿ.

ಕೊನೆಯದಾಗಿ ಕೆಲವು ಲೌಕಿಕ ಮಾತು. ಅವಕಾಶ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಪ್ಪಂದ ಪತ್ರಕ್ಕೆ ಸಹಿ ಹಾಕುವ ಮುನ್ನ ವಕೀಲರಿಂದ ಓದಿಸಿ. ನಮ್ಮ ಧರ್ಮಕೇಂದ್ರದಲ್ಲಿ ವಕೀಲರಿಗೆ ಕೊರತೆಯಿಲ್ಲ. ಹಿಂದಿ ಧಾರಾವಾಹಿಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆ ಸಾಮಾನ್ಯ, ಹಣ ಕೈಸೇರಲು ಮೂರು ತಿಂಗಳು ಕಾಯುವ ಪದ್ಧತಿಯೂ ಇದೆ. ಆದುದರಿಂದ ಮೊದಲ ತಿಂಗಳುಗಳ ಖರ್ಚಿಗೆ ಗಂಟು ಇಟ್ಟುಕೊಂಡೇ ಮಗಳನ್ನು ಕಳುಹಿಸಿ. ಹಸಿದವಳಿಗೆ 'ಬೇಡ' ಎನ್ನುವುದು ಕಷ್ಟ. ಭಾನುವಾರವೂ ಚಿತ್ರೀಕರಣವಿದ್ದರೆ ಪೂಜೆ ತಪ್ಪುತ್ತದಲ್ಲಾ ಎಂದು ಒಬ್ಬ ತಾಯಿ ಕೇಳಿದ್ದಾರೆ. 1983ರ ಧರ್ಮಸಭಾ ಸಂಹಿತೆಯ 1248ನೆಯ ವಿಧಿಯ ಪ್ರಕಾರ ಹಿಂದಿನ ದಿನ ಸಾಯಂಕಾಲ ಯಾವ ಊರಿನ ಕ್ಯಾಥೋಲಿಕ್ ದೇವಾಲಯದಲ್ಲಿ ಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಸಲ್ಲುತ್ತದೆ. ಅದಕ್ಕೂ ಬಿಡುವು ಸಿಗದಿದ್ದರೆ, 1245ನೆಯ ವಿಧಿಯಂತೆ ನ್ಯಾಯವಾದ ಕಾರಣಕ್ಕೆ ವಿನಾಯಿತಿ ನೀಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ. ಹುಡುಗಿಯೇ ಒಂದು ಚೀಟಿ ಬರೆದರೆ ಸಾಕು. ಗುರುಮಂದಿರದ ತನಕ ತಾಯಿ ಬರಬೇಕಾಗಿಲ್ಲ, ಸ್ವರ ತಗ್ಗಿಸಬೇಕಾಗಿಯೂ ಇಲ್ಲ.